ಸ್ವಾಮಿಯ ಹೆಸರು ಯಾವ ಪಟ್ಟಿಯಲ್ಲಿದೆ?

(ಶಾಲೆಯ ಸುವರ್ಣ ಮಹೋತ್ಸವದ ಎರಡನೇ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನೀನು ಇಂಗ್ಲಿಷ್ ಮೇಷ್ಟ್ರು. ಕಾದಂಬರಿ, ಧಾರಾವಾಹಿ ಅಂತ ಏನಾದರೂ ಹೇಳು. ಇಪ್ಪತ್ತು ನಿಮಿಷ ಮೀರಬೇಡ" ಎಂದರು. ಸಾಹಿತ್ಯ ಮತ್ತು ಕಿರುತೆರೆ ಎಂದರೆ ದೊಡ್ಡ ವಿಷಯ. ಇಪ್ಪತ್ತು ನಿಮಿಷಕ್ಕೆ ಅದು ಹಿಡಿಸುವುದಿಲ್ಲ. ಅದಕ್ಕೇ ಒಂದೇ ಒಂದು ಧಾರಾವಾಹಿಯ ಬಗ್ಗೆ ಮಾತಾಡುತ್ತೇನೆ. ನನ್ನ ವಯಸ್ಸಿನವರಿಗೆ ಹೆಸರು ಹೇಳಿದರೆ ಸಾಕು, ಕಿವಿಯಲ್ಲಿ ರಾಗ ಶುರುವಾಗುತ್ತದೆ. ಅದು 'ಮಾಲ್ಗುಡಿ ಡೇಸ್'.

1986-87ರ ಕಾಲ. ನಾನಾಗ ಇಲ್ಲಿ ಎಂಟನೇ ತರಗತಿಯಲ್ಲಿದ್ದೆ. ಊರಿಗೆಲ್ಲ ಇದ್ದದ್ದು ಎರಡು ಟಿ.ವಿ. ಒಂದು ಸಾಹುಕಾರರ ಮನೆಯಲ್ಲಿ, ಇನ್ನೊಂದು ಪಂಚಾಯಿತಿ ಕಟ್ಟಡದಲ್ಲಿ. ಎರಡೂ ಬ್ಲ್ಯಾಕ್ ಅಂಡ್ ವೈಟ್. ಗಾಳಿ ಬಂದರೆ ಆಂಟೆನಾ ತಿರುಗಿಬಿಡುತ್ತಿತ್ತು. ಒಬ್ಬ ಹುಡುಗ ಮಾಳಿಗೆ ಹತ್ತಿ ಕಂಬ ತಿರುಗಿಸಬೇಕು, ಇನ್ನೊಬ್ಬ ಬಾಗಿಲಲ್ಲಿ ನಿಂತು "ಬಂತು, ಬಂತು, ಹೋಯ್ತು" ಎಂದು ಕೂಗಬೇಕು. ಅದೇ ಟಿ.ವಿ.ಯಲ್ಲಿ ಭಾನುವಾರ ಬೆಳಿಗ್ಗೆ 'ರಾಮಾಯಣ' ನೋಡಲು ಊರೇ ಸೇರುತ್ತಿತ್ತು, ಹಣ್ಣುಕಾಯಿಯನ್ನೂ ತರುತ್ತಿದ್ದರು. ಮಾಲ್ಗುಡಿಗೆ ಹಣ್ಣುಕಾಯಿ ತಂದವರಿಲ್ಲ. ಆದರೆ ಶಾಲೆಯ ಹುಡುಗರು ಒಬ್ಬರೂ ತಪ್ಪಿಸುತ್ತಿರಲಿಲ್ಲ.

ನಮಗೆ ಹಿಂದಿ ಬರುತ್ತಿರಲಿಲ್ಲ. ನಮ್ಮ ಹಿಂದಿ ಮೇಷ್ಟ್ರು ಕುರ್ಚಿ ಹಾಕಿಕೊಂಡು ಮುಂದೆ ಕೂತು, ಮಾತು ಬಂದ ಹಾಗೆಲ್ಲ ಕನ್ನಡದಲ್ಲಿ ಹೇಳುತ್ತಿದ್ದರು. ಅವರು ಹೇಳಿ ಮುಗಿಸುವುದರೊಳಗೆ ಮುಂದಿನ ಮಾತು ಬಂದುಬಿಡುತ್ತಿತ್ತು. ನಾವು ಮೂರು ಮಾತು ಹಿಂದಿನದಕ್ಕೆ ನಗುತ್ತಿದ್ದೆವು. ವಿಚಿತ್ರ ನೋಡಿ. ಮಾಡಿದವರು ನಮ್ಮ ಶಂಕರ್ ನಾಗ್. ಸ್ವಾಮಿಯ ಪಾತ್ರಕ್ಕೆ ಮಾಸ್ಟರ್ ಮಂಜುನಾಥ್, ಅಪ್ಪನ ಪಾತ್ರಕ್ಕೆ ಗಿರೀಶ್ ಕಾರ್ನಾಡ್, ಅಮ್ಮನ ಪಾತ್ರಕ್ಕೆ ವೈಶಾಲಿ ಕಾಸರವಳ್ಳಿ. 'ನಲವತ್ತೈದು ರೂಪಾಯಿ ಸಂಬಳ'ದ ಗುಮಾಸ್ತನಾಗಿ ವಿಷ್ಣುವರ್ಧನ್. ಮಿಠಾಯಿ ವ್ಯಾಪಾರಿ ಜಗನ್ ಆಗಿ ಅನಂತ್ ನಾಗ್. ಚಿತ್ರೀಕರಣ ನಮ್ಮ ಆಗುಂಬೆಯಲ್ಲಿ. ನೆಲ ಕನ್ನಡದ್ದು, ಜನ ಕನ್ನಡದವರು. ಧಾರಾವಾಹಿ ಮಾತ್ರ ಹಿಂದಿ ಮತ್ತು ಇಂಗ್ಲಿಷಿನಲ್ಲಿ! ಆದರೂ ಅದು ನಮ್ಮದು ಎಂದು ಯಾರೂ ನಮಗೆ ಹೇಳಿಕೊಡಬೇಕಾಗಲಿಲ್ಲ.

ಮಕ್ಕಳಿಗೆ ಗೊತ್ತಿರಲಿ ಎಂದು ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಆರ್.ಕೆ. ನಾರಾಯಣ್ ಹುಟ್ಟಿದ್ದು 1906ರಲ್ಲಿ, ಮದ್ರಾಸಿನಲ್ಲಿ. ಬಾಳಿದ್ದು, ಬಹುಪಾಲು ಬರೆದದ್ದು ಮೈಸೂರಿನಲ್ಲಿ. ಅವರ ತಂದೆ ಮೈಸೂರಿನಲ್ಲಿ ಹೈಸ್ಕೂಲಿನ ಹೆಡ್‌ಮಾಸ್ಟರ್. ಹೆಡ್‌ಮಾಸ್ಟರ ಮಗ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸಾದರು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಆಮೇಲೆ ಬಿ.ಎ. ಮುಗಿಸಿ ಚನ್ನಪಟ್ಟಣದ ಶಾಲೆಯೊಂದಕ್ಕೆ ಮೇಷ್ಟ್ರಾಗಿ ಹೋದರು. ಅಲ್ಲಿ ಡ್ರಿಲ್ ಮೇಷ್ಟ್ರ ಕೆಲಸವನ್ನೂ ನೋಡಿಕೊಳ್ಳಿ ಎಂದದ್ದಕ್ಕೆ ಕೆಲವೇ ದಿನಗಳಲ್ಲಿ ಬಿಟ್ಟು ಬಂದರು. ನಮ್ಮ ಪಿ.ಇ. ಮೇಷ್ಟ್ರು ಬೇಜಾರು ಮಾಡಿಕೊಳ್ಳಬಾರದು.

ಅವರ ಮೊದಲ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್'. ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಸ್ತಪ್ರತಿಯನ್ನು ಹಿಂದಕ್ಕೆ ಕಳಿಸಿದರು. ಬೇಸತ್ತ ನಾರಾಯಣ್, ಇಂಗ್ಲೆಂಡಿನಲ್ಲಿದ್ದ ಗೆಳೆಯನಿಗೆ, ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು ಎಂದು ಬರೆದರು. ಗೆಳೆಯ ಹಾಗೆ ಮಾಡದೆ ಗ್ರಹಾಂ ಗ್ರೀನ್ ಎಂಬ ದೊಡ್ಡ ಲೇಖಕರಿಗೆ ತೋರಿಸಿದ. ಅವರ ನೆರವಿನಿಂದ 1935ರಲ್ಲಿ ಪುಸ್ತಕ ಹೊರಬಂತು. ಐವತ್ತು ವರ್ಷದ ಮೇಲೆ ಅದೇ ಪುಸ್ತಕ ನಮ್ಮ ಪಂಚಾಯಿತಿ ಕಟ್ಟಡಕ್ಕೂ ಬಂತು. 1967ರ ಇನ್ನೊಂದು ಕಾದಂಬರಿ 'ದಿ ವೆಂಡರ್ ಆಫ್ ಸ್ವೀಟ್ಸ್', ಜೊತೆಗೆ ಹಲವಾರು ಸಣ್ಣಕಥೆಗಳು, ಎಲ್ಲ ಸೇರಿ ಆ ಧಾರಾವಾಹಿ ಆಯಿತು.

ಪುಸ್ತಕವನ್ನು ತೆರೆಗೆ ತರುವುದು ಸುಲಭದ ಕೆಲಸವಲ್ಲ. ನಾರಾಯಣ್ ಅವರಿಗೇ ಅದರ ಕಹಿ ಅನುಭವ ಇತ್ತು. ಅವರ 'ದಿ ಗೈಡ್' ಕಾದಂಬರಿ 1965ರಲ್ಲಿ ಹಿಂದಿ ಸಿನಿಮಾ ಆಯಿತು. ಸಿನಿಮಾ ಹೆಸರು ಮಾಡಿತು. ಆದರೆ ಮಾಲ್ಗುಡಿಯ ಕಥೆ ಹೋಗಿ ರಾಜಸ್ಥಾನದ ಅರಮನೆ, ಸರೋವರಗಳ ನಡುವೆ ನಿಂತಿತ್ತು. ಅದು ತಮಗೆ ಹಿಡಿಸಲಿಲ್ಲ ಎಂದು ಅವರು ಪ್ರಬಂಧವನ್ನೇ ಬರೆದರು. ಸಣ್ಣ ಊರಿನ ಕಥೆಯನ್ನು ದೊಡ್ಡದು ಮಾಡಲು ಹೋದರೆ ಊರೇ ಕಳೆದುಹೋಗುತ್ತದೆ.

ಶಂಕರ್ ನಾಗ್ ಆ ತಪ್ಪು ಮಾಡಲಿಲ್ಲ. ಮಾಲ್ಗುಡಿ ಭೂಪಟದಲ್ಲಿಲ್ಲದ ಊರು. ಸರಯೂ ನದಿ, ಮೆಂಪಿ ಬೆಟ್ಟ, ಮಾರ್ಕೆಟ್ ರೋಡ್, ಲಾಲಿ ಎಕ್ಸ್‌ಟೆನ್ಷನ್, ಆಲ್ಬರ್ಟ್ ಮಿಷನ್ ಸ್ಕೂಲು, ಎಲ್ಲವೂ ನಾರಾಯಣ್ ಕಟ್ಟಿದ್ದು. ಅದಕ್ಕೆ ಆಗುಂಬೆಯ ಹೆಂಚಿನ ಮನೆ, ಉದ್ದ ಜಗಲಿ, ತೊಟ್ಟಿ, ಮಣ್ಣಿನ ಬೀದಿ ಹೊಂದಿಕೊಂಡವು. ಅಲ್ಲಿನ ದೊಡ್ಡಮನೆಯೇ ಸ್ವಾಮಿಯ ಮನೆ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲುದಾರಿಯಲ್ಲಿರುವ ಅರಸಾಳು ಎಂಬ ಪುಟ್ಟ ನಿಲ್ದಾಣವೇ ಮಾಲ್ಗುಡಿ ಸ್ಟೇಷನ್. ಈಗ ರೈಲ್ವೆಯವರು ಅಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಧಾರಾವಾಹಿಯ ಶುರುವಿನಲ್ಲಿ ಬರುತ್ತಿದ್ದ ಚಿತ್ರಗಳು ಲೇಖಕರ ತಮ್ಮ ಆರ್.ಕೆ. ಲಕ್ಷ್ಮಣ್ ಅವರವು. ಪದಗಳೇ ಇಲ್ಲದ ಆ ರಾಗ ಎಲ್. ವೈದ್ಯನಾಥನ್ ಅವರದು. ಹಳೆಯ ಕಾಲದ ಕಥೆ ಎಂದರೆ ಕಿರೀಟ, ಕತ್ತಿ, ಕುದುರೆ ಎಂದುಕೊಂಡಿದ್ದ ನಮಗೆ, ಟೋಪಿ ಹಾಕಿಕೊಂಡು ಪುಸ್ತಕ ಹಿಡಿದು ಶಾಲೆಗೆ ತಡವಾಗಿ ಓಡುವ ಹುಡುಗನೂ ಹಳೆಯ ಕಾಲವೇ ಎಂದು ತೋರಿಸಿದ್ದು ಅದು.

ಆ ಹುಡುಗನ ಕಥೆಗೆ ಬರುತ್ತೇನೆ. ಇಂದಿನ ನನ್ನ ಮಾತೆಲ್ಲ ಅವನದೇ.

ಸ್ವಾಮಿನಾಥನ್‌ಗೆ ಸೋಮವಾರ ಎಂದರೆ ಆಗದು. ಲೆಕ್ಕ ಎಂದರೆ ಆಗದು. ಮಾವಿನಹಣ್ಣಿನ ಬೆಲೆಯ ಲೆಕ್ಕ ಕೊಟ್ಟರೆ, ಹಣ್ಣು ಮಾಗಿದೆಯೋ ಇಲ್ಲವೋ ಎಂದು ಯೋಚಿಸುತ್ತಾನೆ. 1930ರ ಆಗಸ್ಟಿನಲ್ಲಿ ಸ್ವಾತಂತ್ರ್ಯ ಚಳವಳಿಯ ಸಭೆಗೆ ಹೋಗಿ, ಜೋಶಿನಲ್ಲಿ ಶಾಲೆಯ ಕಿಟಕಿಗಾಜು ಒಡೆಯುತ್ತಾನೆ. ಮಾರನೇ ದಿನ ಹೆಡ್‌ಮಾಸ್ಟರ್ ಬೆತ್ತ ಹಿಡಿದಾಗ ಶಾಲೆ ಬಿಟ್ಟು ಓಡುತ್ತಾನೆ. ಅಪ್ಪ ಬೋರ್ಡ್ ಹೈಸ್ಕೂಲಿಗೆ ಸೇರಿಸುತ್ತಾರೆ. ಗೆಳೆಯರೆಲ್ಲ ಸೇರಿ ಕ್ರಿಕೆಟ್ ತಂಡ ಕಟ್ಟುತ್ತಾರೆ. ಆಟದ ಅಭ್ಯಾಸಕ್ಕಾಗಿ ಡ್ರಿಲ್ ತಪ್ಪಿಸುತ್ತಾನೆ. ಅಲ್ಲೂ ಹೆಡ್‌ಮಾಸ್ಟರು, ಅಲ್ಲೂ ಬೆತ್ತ. ಕಾದಂಬರಿಯಲ್ಲಿ ಸ್ವಾಮಿ ಆ ಬೆತ್ತವನ್ನು ಕಿತ್ತುಕೊಂಡು ಕಿಟಕಿಯಿಂದಾಚೆ ಎಸೆದು ಮತ್ತೆ ಓಡುತ್ತಾನೆ. ಈ ಸಲ ಊರನ್ನೇ ಬಿಟ್ಟು.

ಅವನು ಶಾಲೆ ಬಿಟ್ಟು ಓಡಿದಾಗ ಪಂಚಾಯಿತಿ ಕಟ್ಟಡದಲ್ಲಿ ನಾವು ಹುಡುಗರೆಲ್ಲ ಚಪ್ಪಾಳೆ ಹೊಡೆದೆವು. ಹಿಂದಿ ಮೇಷ್ಟ್ರು ತಿರುಗಿ ನೋಡಿದರು. ಚಪ್ಪಾಳೆ ನಿಂತಿತು. ನಾನು ಆವತ್ತೇ ನಿರ್ಧಾರ ಮಾಡಿದ್ದೆ, ನಾನೂ ಸ್ವಾಮಿಯೇ ಎಂದು.

ಹತ್ತು ವರ್ಷ ಕಳೆಯಿತು. 1997ರಲ್ಲಿ ನನಗೆ ಕೆಲಸ ಸಿಕ್ಕಿತು. ಮಲೆನಾಡಿನ ಒಂದು ಪ್ರೌಢಶಾಲೆಗೆ ಇಂಗ್ಲಿಷ್ ಸಹಶಿಕ್ಷಕ. ಟಿ.ವಿ.ಯಲ್ಲಿ ನೋಡಿದ ಅದೇ ಹೆಂಚು, ಅದೇ ಮಳೆ. ಬಯಲುಸೀಮೆಯ ನನಗೆ ಮಾಲ್ಗುಡಿಗೇ ಪೋಸ್ಟಿಂಗ್ ಆದ ಹಾಗಿತ್ತು. ಪಾಠದ ನಡುವೆ ಸ್ವಾಮಿಯ ಕಥೆಗಳನ್ನು ಹೇಳುತ್ತಿದ್ದೆ, ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಹಾಗೆ ಕಥೆ ಹೇಳುವಾಗಲೂ ನನ್ನ ಮೇಜಿನ ಮೇಲೆ ಒಂದು ಬೆತ್ತ ಇರುತ್ತಿತ್ತು. ಅದು ನನಗೆ ಕಾಣುತ್ತಲೇ ಇರಲಿಲ್ಲ. ಚಾಕ್‌ಪೀಸು, ಡಸ್ಟರು, ಬೆತ್ತ, ಮೂರೂ ಒಂದೇ ಜಾತಿಯ ಸಾಮಾನು ಎನ್ನುವ ಹಾಗೆ.

ಎರಡನೇ ವರ್ಷವೋ ಮೂರನೇ ವರ್ಷವೋ, ಒಂಬತ್ತನೇ ತರಗತಿಯ ಒಬ್ಬ ಹುಡುಗ ಆರು ದಿನ ಶಾಲೆಗೆ ಬರಲಿಲ್ಲ. ಬಂದ ದಿನ ಎದ್ದು ನಿಲ್ಲಿಸಿ ರಜಾ ಚೀಟಿ ಎಲ್ಲಿ ಎಂದೆ. ಸುಮ್ಮನೆ ನಿಂತ. ಅಪ್ಪನಿಂದ ಬರೆಸಿಕೊಂಡು ಬಾ ಅಂದಿದ್ದೆನಲ್ಲ ಎಂದೆ. ಆಗಲೂ ಸುಮ್ಮನಿದ್ದ. ಮಾತಾಡಲಿಲ್ಲವಲ್ಲ ಎಂಬುದೇ ನನಗೆ ಸಿಟ್ಟು ತಂದಿತು. ಎಷ್ಟು ಹೊಡೆದೆ ಎಂದು ಲೆಕ್ಕ ಇಟ್ಟಿಲ್ಲ. ಅವನು ಬೆತ್ತ ಕಿತ್ತುಕೊಳ್ಳಲಿಲ್ಲ, ಕಿಟಕಿಯಾಚೆ ಎಸೆಯಲಿಲ್ಲ. ಕೈ ಚಾಚಿಕೊಂಡು ನಿಂತೇ ಇದ್ದ. ಮಾರನೇ ದಿನ ಬರಲಿಲ್ಲ. ಆ ಮೇಲೆ ಬರಲೇ ಇಲ್ಲ.

ಸ್ವಾಮಿ ಕಾಣೆಯಾದಾಗ ಮಾಲ್ಗುಡಿಯಲ್ಲಿ ಏನಾಯಿತು ಗೊತ್ತೇ? ಅಪ್ಪ ಊರೆಲ್ಲ ಹುಡುಕಿದರು. ಹೊಳೆ ದಂಡೆಗೆ ಹೋಗಿ ನೋಡಿದರು. ರೈಲು ಹಳಿಯ ಉದ್ದಕ್ಕೂ ಎದೆ ಹಿಡಿದುಕೊಂಡು ನೋಡಿದರು. ಗೆಳೆಯರು ಹುಡುಕಿದರು. ಕಾಡಿನ ದಾರಿಯಲ್ಲಿ ಒಬ್ಬ ಗಾಡಿಯವನ ಕಣ್ಣಿಗೆ ಬಿದ್ದು, ಅರಣ್ಯಾಧಿಕಾರಿಯೊಬ್ಬರ ಕೈ ಸೇರಿ ಮನೆಗೆ ಬಂದ.

ನನ್ನ ಹುಡುಗ ಕಾಣೆಯಾದಾಗ ನಾನು ಮಾಡಿದ್ದೇನು? ಹಾಜರಿ ಪುಸ್ತಕದಲ್ಲಿ ದಿನಾ ಗೈರುಹಾಜರಿ ಗುರುತು ಹಾಕಿದೆ. ತಿಂಗಳು ಕಳೆದ ಮೇಲೆ ಕೆಂಪು ಶಾಯಿಯಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದೆ. ಅವನ ಮನೆ ಶಾಲೆಯಿಂದ ಮೂರು ಕಿಲೋಮೀಟರ್. ಹೋಗಲಿಲ್ಲ. ಯಾರನ್ನೂ ಕಳಿಸಲಿಲ್ಲ. ಹುಡುಗರನ್ನು ಕೇಳಿದಾಗ, "ಕೊನೆ ಕೊಯ್ಲಿಗೆ ಹೋಗ್ತಾನೆ ಸಾರ್" ಎಂದರು. ಅಡಿಕೆ ಕೊಯ್ಲಿನ ಕಾಲ. ಕೂಲಿ ಚೆನ್ನಾಗಿರುತ್ತದೆ. ಓದುವ ಮನಸ್ಸಿಲ್ಲದವನು ಎಂದುಕೊಂಡು ಪಾಠ ಮುಂದುವರಿಸಿದೆ.

ಆಮೇಲೆ ಕಾಲ ಬದಲಾಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಮಕ್ಕಳಿಗೆ ಹೊಡೆಯುವುದೂ ಮಾನಸಿಕವಾಗಿ ಹಿಂಸಿಸುವುದೂ ಕೂಡದು ಎಂದು ಕಾನೂನೇ ಹೇಳಿತು. ಬೆತ್ತ ಮೇಜಿನಿಂದ ಬೀರುವಿಗೆ ಹೋಯಿತು, ಬೀರುವಿನಿಂದ ಎಲ್ಲಿಗೋ ಹೋಯಿತು. ಮಕ್ಕಳು ಕೆಡುತ್ತಾರೆ ಎಂದು ನಾವು ಮೇಷ್ಟ್ರುಗಳು ಸ್ಟಾಫ್ ರೂಮಿನಲ್ಲಿ ಗೊಣಗಿದೆವು. ನಾನೂ ಗೊಣಗಿದೆ, ಸುಳ್ಳು ಹೇಳುವುದಿಲ್ಲ. ಇನ್ನೂ ಕೆಲವು ವರ್ಷಗಳಲ್ಲಿ ನಮ್ಮ ರಾಜ್ಯದ ಹತ್ತನೇ ತರಗತಿಯ ಇಂಗ್ಲಿಷ್ ಪಠ್ಯಕ್ಕೆ ನಾರಾಯಣ್ ಅವರ 'ಎ ಹೀರೋ' ಪಾಠ ಬಂತು. ಇಲ್ಲಿ ಕೂತಿರುವ ಮಕ್ಕಳಲ್ಲಿ ಹಲವರಿಗೆ ಅದು ಗೊತ್ತು. ಹುಲಿಯ ಜೊತೆ ಹೋರಾಡಿದ ಹುಡುಗನ ಸುದ್ದಿಯನ್ನು ಪೇಪರಿನಲ್ಲಿ ಓದಿದ ಅಪ್ಪ, ಧೈರ್ಯವಿದ್ದರೆ ಒಬ್ಬನೇ ಆಫೀಸು ಕೋಣೆಯಲ್ಲಿ ಮಲಗು ಎನ್ನುತ್ತಾರೆ. ಸ್ವಾಮಿ ಹೆದರಿ ಬೆಂಚಿನ ಕೆಳಗೆ ಮುದುಡಿಕೊಳ್ಳುತ್ತಾನೆ. ರಾತ್ರಿ ಯಾರೋ ಬಂದದ್ದು ತಿಳಿದು, ಭೂತವೋ ಏನೋ ಎಂಬ ಭಯಕ್ಕೆ ಕಾಲು ಕಚ್ಚಿ ಹಿಡಿಯುತ್ತಾನೆ. ನೋಡಿದರೆ ಅದು ಕಳ್ಳ. ಮಾರನೇ ದಿನ ಊರಿಗೆಲ್ಲ ಸ್ವಾಮಿ ವೀರ. ಆ ರಾತ್ರಿ ಮತ್ತೆ ಹೋಗಿ ಅಜ್ಜಿಯ ಪಕ್ಕ ಮಲಗುತ್ತಾನೆ.

ಆ ಪಾಠ ಮಾಡುವಾಗ ನಾನು ಪ್ರತಿ ವರ್ಷ ಒಂದು ಪ್ರಶ್ನೆ ಕೇಳುತ್ತಿದ್ದೆ. ಸ್ವಾಮಿಗೆ ಧೈರ್ಯ ಇತ್ತೋ ಇಲ್ಲವೋ? ಒಂದು ವರ್ಷ ಒಬ್ಬ ಹುಡುಗಿ ಎದ್ದು ನಿಂತು, "ಅವನಿಗೆ ಹೆದರಿಕೆ ಇತ್ತು ಸಾರ್. ಆದರೆ ಅವರಪ್ಪ ಅದನ್ನ ಕೇಳಲೇ ಇಲ್ಲ" ಎಂದಳು. ನನಗೆ ಕೈ ಚಾಚಿ ನಿಂತಿದ್ದ ಆ ಹುಡುಗ ನೆನಪಾದ. ಇಪ್ಪತ್ತು ವರ್ಷದ ಮೇಲೆ.

ಎರಡು ವರ್ಷದ ಹಿಂದೆ, ಅದೇ ತಾಲ್ಲೂಕಿನ ಇನ್ನೊಂದು ಶಾಲೆಯಲ್ಲಿ ಪೋಷಕರ ಸಭೆ. ಸಭೆ ಮುಗಿದ ಮೇಲೆ ಒಬ್ಬರು ಜಗಲಿಯ ಕಂಬದ ಪಕ್ಕ ನಿಂತಿದ್ದರು. ಹತ್ತಿರ ಬಂದು, "ಗುರುತು ಸಿಕ್ತಾ ಸಾರ್?" ಎಂದರು. ಹೆಸರು ಹೇಳಿದ ಕೂಡಲೇ ನನಗೆ ಬೆವರು ಬಂತು. ಅವರ ಮಗಳು ಎಂಟನೇ ತರಗತಿಗೆ ಸೇರಿದ್ದಳು. ಅವರೇ ಹೇಳಿದರು. ಆ ಆರು ದಿನ ಅಪ್ಪ ಅಡಿಕೆ ಮರದಿಂದ ಬಿದ್ದು ಆಸ್ಪತ್ರೆಯಲ್ಲಿದ್ದರಂತೆ. ಅಪ್ಪನಿಗೆ ಬರೆಯಲು ಬರುತ್ತಿರಲಿಲ್ಲವಂತೆ. ಅದನ್ನು ಎಲ್ಲರ ಮುಂದೆ ಹೇಳಲು ನಾಚಿಕೆಯಾಗಿ ಸುಮ್ಮನೆ ನಿಂತರಂತೆ.

ನಾನು ಏನೋ ಹೇಳಲು ಹೋದೆ. ತಪ್ಪಾಯಿತು ಎಂದೆ ಎಂದು ಕಾಣುತ್ತದೆ, ಸರಿಯಾಗಿ ಹೊರಡಲಿಲ್ಲ. ಅವರು ನಕ್ಕುಬಿಟ್ಟರು. "ಅದೆಲ್ಲ ಹೋಗ್ಲಿ ಬಿಡಿ ಸಾರ್. ನೀವು ಹೇಳ್ತಿದ್ದ ಸ್ವಾಮಿ ಕಥೆ ಇತ್ತಲ್ಲ, ಅದನ್ನ ಮಗಳಿಗೆ ನಾನೇ ಹೇಳಿದೀನಿ. ಕೊನೆಗೆ ಏನಾಯ್ತು ಅಂತ ನಂಗೆ ಗೊತ್ತಿಲ್ಲ. ನೀವು ಹೇಳೋ ಮೊದ್ಲೇ ನಾನು ಶಾಲೆ ಬಿಟ್ಟಿದ್ದೆ" ಎಂದರು.

ಜಗಲಿಯ ಮೇಲೆ ಕೂತು ಕೊನೆಯನ್ನು ಹೇಳಿದೆ. ಸ್ವಾಮಿ ಮನೆಗೆ ಬಂದ, ಆದರೆ ಮ್ಯಾಚಿನ ದಿನ ಕಳೆದುಹೋಗಿತ್ತು. ತಂಡ ಸೋತಿತ್ತು. ಗೆಳೆಯ ರಾಜಂ ಮಾತು ಬಿಟ್ಟ. ರಾಜಂನ ಅಪ್ಪ ಪೊಲೀಸ್ ಅಧಿಕಾರಿ, ಅವರಿಗೆ ವರ್ಗವಾಯಿತು. ಸ್ವಾಮಿ ಒಂದು ಕಥೆಪುಸ್ತಕ ಹಿಡಿದು ಸ್ಟೇಷನ್ನಿಗೆ ಓಡಿದ. ರೈಲು ಹೊರಟಿತ್ತು. ಪುಸ್ತಕವೇನೋ ರಾಜಂನ ಕೈ ಸೇರಿತು. ಆದರೆ ಅವನು ಕ್ಷಮಿಸಿದನೋ ಇಲ್ಲವೋ ಸ್ವಾಮಿಗೆ ಖಚಿತವಾಗಲಿಲ್ಲ. ಕಥೆ ಅಲ್ಲಿಗೆ ಮುಗಿಯುತ್ತದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಸಾಗ್ಲಿಲ್ವಾ ಹಂಗಾದ್ರೆ?" ಎಂದು ಕೇಳಿದರು. ಅದನ್ನು ನಾರಾಯಣ್ ಹೇಳುವುದಿಲ್ಲ ಎಂದೆ.

ಬಂಧುಗಳೇ, ಈ ಪ್ರಶ್ನೆಯನ್ನೇ ಇಂದು ಇಲ್ಲಿಗೆ ತಂದಿದ್ದೇನೆ. ಸುವರ್ಣ ಮಹೋತ್ಸವದ ಸಂಚಿಕೆಗೆ ಸಮಿತಿಯವರು ಪಟ್ಟಿಗಳನ್ನು ಮಾಡಿದ್ದಾರೆ. ತುಂಬ ಶ್ರಮದ ಕೆಲಸ, ಅವರಿಗೆ ನನ್ನ ನಮಸ್ಕಾರ. ಐವತ್ತು ವರ್ಷದಲ್ಲಿ ಎಸ್‌ಎಸ್‌ಎಲ್‌ಸಿ ಪಾಸಾದವರು, ಮೊದಲ ಸ್ಥಾನ ಬಂದವರು, ಡಾಕ್ಟರು, ಎಂಜಿನಿಯರು, ಸೈನ್ಯಕ್ಕೆ ಸೇರಿದವರು, ದಾನಿಗಳು. ನನ್ನ ಹೆಸರೂ ಇದೆ, ಸಂತೋಷ. ಆದರೆ ಸ್ವಾಮಿ ಈ ಶಾಲೆಯಲ್ಲಿ ಓದಿದ್ದರೆ ಅವನ ಹೆಸರು ಯಾವ ಪಟ್ಟಿಯಲ್ಲಿ ಬರುತ್ತಿತ್ತು? ಎರಡು ಶಾಲೆ ಬಿಟ್ಟು ಓಡಿದವನು, ಗಾಜು ಒಡೆದವನು, ಲೆಕ್ಕದಲ್ಲಿ ಹಿಂದಿದ್ದವನು. ಮೊದಲ ಯತ್ನದಲ್ಲಿ ಪಾಸಾದವರ ಪಟ್ಟಿ ಮಾಡಿದರೆ ಆ ವರ್ಷ ಆರ್.ಕೆ. ನಾರಾಯಣ್ ಅವರ ಹೆಸರೂ ಬರುತ್ತಿರಲಿಲ್ಲ!

ನಮ್ಮ ತಂಡದ ಹತ್ತನೇ ತರಗತಿಯ ಗ್ರೂಪ್ ಫೋಟೋ ಹೊರಗಡೆ ಹಾಕಿದ್ದಾರೆ. ಬೆಳಿಗ್ಗೆ ನಿಂತು ನೋಡಿದೆ. ಎಂಟನೇ ತರಗತಿಗೆ ನನ್ನ ಜೊತೆ ಸೇರಿದ ಎಷ್ಟೋ ಮುಖಗಳು ಅದರಲ್ಲಿಲ್ಲ. ಆಂಟೆನಾ ತಿರುಗಿಸಲು ಮಾಳಿಗೆ ಹತ್ತುತ್ತಿದ್ದ ಹುಡುಗ ಇಲ್ಲ. ಅವನು ಮೇಲಿದ್ದು ಕಂಬ ಹಿಡಿದುಕೊಂಡದ್ದರಿಂದ ನಾವು ಕೆಳಗೆ ಕೂತು ಮಾಲ್ಗುಡಿ ನೋಡಿದೆವು. ಒಂಬತ್ತರಲ್ಲಿ ಮದುವೆಯಾಗಿ ಹೋದ ಇಬ್ಬರು ಹುಡುಗಿಯರಿಲ್ಲ. ಅವರೂ ಈ ಶಾಲೆಯವರೇ. ಅವರ ಕಾಲಿನ ಧೂಳೂ ಈ ಮೈದಾನದಲ್ಲಿದೆ.

'ಮಾಲ್ಗುಡಿ ಡೇಸ್' ಅನ್ನು ಇಷ್ಟು ವರ್ಷದ ಮೇಲೂ ಜನ ಏಕೆ ನೋಡುತ್ತಾರೆ? ಗೆದ್ದವರ ಕಥೆ ಎಂದಲ್ಲ. ಮದುವೆ ನಿಲ್ಲಬಾರದೆಂದು ಸಾವಿನ ಸುದ್ದಿಯ ಕಾಗದವನ್ನು ಬಚ್ಚಿಟ್ಟ ಪೋಸ್ಟ್‌ಮನ್, ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟು ಆಫೀಸಿನಿಂದ ಬರಲಾಗದ ಗುಮಾಸ್ತ, ಮಗ ಅರ್ಥವಾಗದೆ ಒದ್ದಾಡುವ ಮಿಠಾಯಿ ಅಂಗಡಿಯವರು. ಇಂಥವರ ಹೆಸರು ಯಾವ ಊರಿನ ಶಿಲಾಫಲಕದ ಮೇಲೂ ಇರುವುದಿಲ್ಲ. ಹಳೆಯ ಕಾಲವನ್ನು ನೆನೆಯುವುದಾದರೆ ಹೀಗೆ ನೆನೆಯಬೇಕು ಎಂದು ಶಂಕರ್ ನಾಗ್ ನಮಗೆ ಹೇಳಿಕೊಟ್ಟರು. 1990ರಲ್ಲಿ ಇನ್ನೂ ಮೂವತ್ತೈದು ವಯಸ್ಸಿಗೆ ದಾವಣಗೆರೆ ಹತ್ತಿರ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟರು.

ಸಮಿತಿಯವರಲ್ಲಿ ನನ್ನದೊಂದು ಕೋರಿಕೆ. ಹಳೆಯ ದಾಖಲಾತಿ ಪುಸ್ತಕಗಳು ಕಚೇರಿಯ ಕಬ್ಬಿಣದ ಬೀರುವಿನಲ್ಲಿವೆ. ಕೆಂಪು ಗೆರೆ ಎಳೆದ ಹೆಸರುಗಳೂ ಅದರಲ್ಲಿವೆ. ಶಾಲೆ ಬಿಟ್ಟವರದೂ ಒಂದು ಪಟ್ಟಿ ಮಾಡೋಣ. ಪತ್ರಿಕೆಯಲ್ಲಿ ಹಾಕಿ ಅವರಿಗೆ ಮುಜುಗರ ಮಾಡುವುದಕ್ಕಲ್ಲ. ಹುಡುಕಿಕೊಂಡು ಹೋಗುವುದಕ್ಕೆ. ಇದ್ದವರನ್ನು ಮುಂದಿನ ವರ್ಷದ ವಾರ್ಷಿಕೋತ್ಸವಕ್ಕೆ ಕರೆದು ಊಟಕ್ಕೆ ಕೂರಿಸೋಣ, ಒಪ್ಪಿದವರನ್ನು ಸೇರಿಸಿ ಇನ್ನೊಂದು ಗ್ರೂಪ್ ಫೋಟೋ ತೆಗೆಸೋಣ. ನನ್ನ ಬ್ಯಾಚಿನ ಹೆಸರುಗಳನ್ನು ಹುಡುಕುವ ಕೆಲಸ ನನಗೆ ಬಿಡಿ. ಬೇಸಿಗೆ ರಜದಲ್ಲಿ ಮಾಡುತ್ತೇನೆ. ಒಂದು ಸಲ ಮೂರು ಕಿಲೋಮೀಟರ್ ನಡೆಯದೆ ಉಳಿದವನು ನಾನು. ಆ ಸಾಲ ತೀರುವುದಿಲ್ಲ, ಬಡ್ಡಿಯಾದರೂ ಕಟ್ಟುತ್ತೇನೆ.

ನನ್ನ ವೃತ್ತಿಬಾಂಧವರಿಗೆ ಇಷ್ಟೇ. ಎರಡು ದಿನ ಮಗು ಬರದಿದ್ದರೆ ಮೂರನೇ ದಿನ ಮನೆಗೆ ಹೋಗಿ. ಚೀಟಿ ಕೇಳುವ ಮೊದಲು ಊಟ ಆಯಿತಾ ಎಂದು ಕೇಳಿ. ಮಕ್ಕಳೇ, ನಿಮಗೂ ಒಂದು ಮಾತು. ಸ್ವಾಮಿಯ ಹಾಗೆ ಓಡಬೇಕು ಅನ್ನಿಸಿದರೆ ಕಾಡಿನ ಕಡೆಗಲ್ಲ, ಯಾರಾದರೂ ಒಬ್ಬ ಮೇಷ್ಟ್ರ ಹತ್ತಿರ ಓಡಿ ಬನ್ನಿ. ಇಂದು ಸಂಜೆ ಸ್ಮಾರ್ಟ್ ಕ್ಲಾಸ್ ಕೋಣೆಯಲ್ಲಿ ಧಾರಾವಾಹಿಯ ಒಂದು ಕಂತು ತೋರಿಸಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಈಗ ಆಂಟೆನಾ ತಿರುಗಿಸಬೇಕಾಗಿಲ್ಲ. ಸ್ವಾಮಿ ಶಾಲೆ ಬಿಟ್ಟು ಓಡಿದಾಗ ನೀವು ಚಪ್ಪಾಳೆ ಹೊಡೆಯಬಹುದು, ನಾನು ತಿರುಗಿ ನೋಡುವುದಿಲ್ಲ.

ಇಪ್ಪತ್ತು ನಿಮಿಷ ಮೀರಿದೆ ಎಂದು ಕಾಣುತ್ತದೆ, ಕ್ಷಮಿಸಿ.